ಮೆಕ್ಕೆಜೋಳದ ಟೋರ್ಟಿಯಾ (ಮೆಕ್ಸಿಕೊದ ತೆಳು ರೊಟ್ಟಿ) ಮಡಚಿದ್ರೆ ಒಡೆಯುತ್ತೆ, ಯಾಕೆ?

ತುಂಗಾತೀರ, ಶಿವಮೊಗ್ಗ:
ಮೆಕ್ಕೆಜೋಳ ಮಿಲ್ಲಲ್ಲಿ ಬೀಸಿಸಿ, ಅಕ್ಕಿರೊಟ್ಟಿ ಥರ ಹಿಟ್ಟು ಉಕ್ಕರಿಸಿ ಕಲಸಿದ್ರೂ ಅಂಚು ಬಿರಿಯುತ್ತೆ. ಒಳಗೆ ಪಲ್ಯ ತುಂಬಿ ಟಾಕೊ ಮಾಡೋಕೆ ಮಡಚಿದ್ರೆ ಎರಡು ಹೋಳು. ಮೈದಾ ಸೇರಿಸದೆ ಆಗುತ್ತಾ? ಅಮೆರಿಕದಲ್ಲಿ ಸಿಗೋ ಗರಿಗರಿ ಯು ಆಕಾರದ ಚಿಪ್ಪೂ ಇದೇ ಹಿಟ್ಟಿಂದಾ?

ಸಾಗರದ ಒಲೆ:
ತೊಂದರೆ ಹಿಟ್ಟಿನದು. ಸುಣ್ಣದಲ್ಲಿ ಬೇಯಿಸದ ಮೆಕ್ಕೆಜೋಳಕ್ಕೆ ಜಿಗುಟು ಬರಲ್ಲ, ಎಷ್ಟು ನಾದಿದ್ರೂ ಅಷ್ಟೇ.

1 ಕೆಜಿ ಒಣ ಕಾಳಿಗೆ 3 ಲೀಟರ್ ನೀರು, ಕವಳಕ್ಕೆ (ಎಲೆಅಡಿಕೆಗೆ) ಹಾಕೋ ಬಿಳಿ ಸುಣ್ಣ 20 ಗ್ರಾಂ (ಒಣ ಪುಡಿಯಾದ್ರೆ 10). ಗೋಡೆಗೆ ಬಳಿಯೋದು ಬೇಡವೇ ಬೇಡ. ಪಾತ್ರೆ ಸ್ಟೀಲಿಂದೇ ಇರಲಿ, ಅಲ್ಯೂಮಿನಿಯಂನ ಸುಣ್ಣ ತಿಂದುಹಾಕುತ್ತೆ. ಕುದಿ ಬಂದ ಮೇಲೆ ಸಣ್ಣ ಉರೀಲಿ ಸುಮಾರು 40 ನಿಮಿಷ. ಒಂದು ಕಾಳು ತೆಗೆದು ತಿಕ್ಕಿ: ಸಿಪ್ಪೆ ಜಾರಬೇಕು, ಕಚ್ಚಿದ್ರೆ ನಡುವೆ ಬೇಯದ ಬಿಳಿ ಚುಕ್ಕೆ ಕಾಣಬೇಕು. ಅದೂ ಬೆಂದುಹೋದ್ರೆ ರುಬ್ಬಿದಾಗ ಅಂಟಂಟು ಮುದ್ದೆ. ಒಲೆ ಆರಿಸಿ ರಾತ್ರಿಯಿಡೀ ಅದೇ ನೀರಲ್ಲಿ ಬಿಡಿ. ಬೆಳಿಗ್ಗೆ ಚೆನ್ನಾಗಿ ತೊಳೆದು, ನೀರು ಚಿಮುಕಿಸ್ತಾ ಗ್ರೈಂಡರಲ್ಲಿ ರುಬ್ಬಿ. ಉಂಡೆ ಒತ್ತಿದಾಗ ಅಂಚು ಬಿರಿದ್ರೆ ನೀರು ಸಾಲದು, ಕೈಗೆ ಹತ್ತಿದ್ರೆ ಜಾಸ್ತಿ. ಸ್ವೀಟ್‌ಕಾರ್ನ್ ಇದಕ್ಕೆ ಬರಲ್ಲ.

ಮಳೆನಾಡಿಗ:
ಬೂಷ್ಟು ಹಿಡಿದ ಕಾಳು ಎಸೀರಿ. ತೊಳೆದ್ರೆ, ಬೇಯಿಸಿದ್ರೆ ಅದರ ವಿಷ ಪೂರ್ತಿ ಹೋಗಲ್ಲ.

ಸುಣ್ಣದ ಕೆಲಸ ಬರೀ ಜಿಗುಟಿನದ್ದಲ್ಲ. ಮೆಕ್ಕೆಜೋಳದಲ್ಲಿರೋ ನಯಾಸಿನ್ (ಬಿ3 ವಿಟಮಿನ್) ಮೈಗೆ ಹತ್ತೋದು ಸುಣ್ಣದಲ್ಲಿ ಬೆಂದಾಗ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಡವರು ಸುಣ್ಣ ಕಾಣದ ಜೋಳವನ್ನೇ ನೆಚ್ಚಿದ್ರು, 20ನೇ ಶತಮಾನದ ಮೊದಲಲ್ಲಿ ನಯಾಸಿನ್ ಕೊರತೆಯ ರೋಗ ಪೆಲ್ಲಾಗ್ರಾದಿಂದ ಸಾವಿರಾರು ಜನ ಸತ್ತರು. ಮೆಕ್ಸಿಕೊದವರ ಅಡುಗೆಮನೇಲಿ ಇದಕ್ಕೆ ಮದ್ದು ಮೊದಲಿಂದಲೂ ಇತ್ತು. ಕಾಳು ಹೊರದೇಶಗಳಿಗೆ ಹೋಯ್ತು, ಜೊತೆಗೆ ಸುಣ್ಣದ ಪಾಠ ಹೋಗಲಿಲ್ಲ!

ಒತ್ತೋಕೆ ಬಾಳೆಎಲೆ ಸಾಕು. ಕಾದ ಹಂಚಲ್ಲಿ ಒಂದು ಬದಿ 15 ಸೆಕೆಂಡ್, ಮಗುಚಿ ಒಂದು ನಿಮಿಷ, ಮತ್ತೆ ಮಗುಚಿದ್ರೆ ಉಬ್ಬುತ್ತೆ. ತಕ್ಷಣ ಬಟ್ಟೇಲಿ ಸುತ್ತಿಡಿ, ಆವಿಗೆ ಮೆತ್ತಗಾಗುತ್ತೆ.

ಭದ್ರಾವತಿ_44:
ಚಿಪ್ಪೂ ಇದೇ ಟೋರ್ಟಿಯಾ, ಕರಿದದ್ದು. ಬೇಯಿಸಿ ಅರ್ಧ ಗಂಟೆ ಆರಲು ಬಿಡಿ. ಹಸಿಯಿದ್ರೆ ಗುಳ್ಳೆ ಎದ್ದು ಎಣ್ಣೆ ಕುಡಿಯುತ್ತೆ. 180 ಡಿಗ್ರಿ ಎಣ್ಣೇಲಿ ಮೆತ್ತಗಿರುವಾಗಲೇ ಇಕ್ಕಳದಲ್ಲಿ ಮಡಚಿ ಹಿಡೀರಿ. ಗರಿಯಾದ ಮೇಲೆ ಮಡಚಿದ್ರೆ ಪುಡಿಪುಡಿ.

ಈ ಚಿಪ್ಪು ಅಮೆರಿಕದ ಫಾಸ್ಟ್‌ಫುಡ್ ಕಂಪನಿ ಟಾಕೊ ಬೆಲ್ ಹುಟ್ಟಿಸಿದ್ದು ಅಂತಾರೆ, ಆ ಕಂಪನಿ ಶುರುವಾಗಿದ್ದು 1962ರಲ್ಲಿ. ಹಲವು ಟಾಕೊ ಒಟ್ಟಿಗೆ ಕರಿಯೋ ಸಾಧನಕ್ಕೆ ನ್ಯೂಯಾರ್ಕಲ್ಲಿ ಹೋಟೆಲ್ ನಡೆಸ್ತಿದ್ದ ಮೆಕ್ಸಿಕೊ ಮೂಲದ ಹುವೆನ್ಸಿಯೋ ಮಾಲ್ಡೊನಾಡೊ 1950ರಲ್ಲೇ ಪೇಟೆಂಟ್ ಪಡೆದಿದ್ರು.

ಮೈದಾ ಬಗ್ಗೆ ಮಡಿ ಬೇಡ. ಮೆಕ್ಸಿಕೊದ ಉತ್ತರದ ಸೊನೋರಾದಲ್ಲಿ ಗೋಧಿ ಟೋರ್ಟಿಯಾನೇ ರೂಢಿ.

ಸಾಗರದ ಒಲೆ:
ರುಬ್ಬಿದ್ದು ಉಳಿದ್ರೆ ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಮುಗಿಸಿ. ಹೊರಗಿಟ್ರೆ ಹುಳಿ ಬರುತ್ತೆ.