ಸಹಾಯ ಬೇಕು: ಡ್ರಮ್ ಸ್ಯಾಂಡರ್‌ನಲ್ಲಿ ಹಲಸಿನ ಹಲಗೆ ಸುಡುತ್ತಿದೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಎರಡು ತಿಂಗಳ ಹಿಂದೆ 36 ಇಂಚಿನ, ಎರಡು ಡ್ರಮ್ಮಿನ ಸ್ಯಾಂಡರ್ (ಸ್ಯಾಂಡ್ ಪೇಪರ್ ಸುತ್ತಿದ ಡ್ರಮ್ ತಿರುಗಿ ಹಲಗೆ ನಯ ಮಾಡುವ ಮೆಷಿನ್) ಸೆಕೆಂಡ್ ಹ್ಯಾಂಡ್ ತಗೊಂಡೆವು. ಮುಂದಿನ ಡ್ರಮ್‌ಗೆ 80 ನಂಬರ್ ಪೇಪರ್, ಹಿಂದಿನದಕ್ಕೆ ಅದಕ್ಕಿಂತ ನಯವಾದ 120.

ಸಾಗುವಾನಿಗೆ ತೊಂದರೆ ಇಲ್ಲ. ಹಲಸು ಹಾಕಿದರೆ ಮಾತ್ರ ಹಲಗೆಯ ಉದ್ದಕ್ಕೂ ಬೆರಳಗಲ ಕಂದು ಗೆರೆ, ಸುಟ್ಟ ವಾಸನೆ ಬೇರೆ. ಮುಚ್ಚಳ ತೆಗೆದು ನೋಡಿದರೆ ಹಿಂದಿನ ಡ್ರಮ್ಮಿನ ಪೇಪರ್ ಮೇಲೆ ಅದೇ ಜಾಗದಲ್ಲಿ ಅಂಟು ಗಟ್ಟಿಯಾಗಿ ಕೂತು ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಮುಂದಿನದು ಚೆನ್ನಾಗೇ ಇದೆ.

ಮರ ಹಸಿ ಅಲ್ಲ, ಎರಡು ವರ್ಷ ಒಣಗಿಸಿದ್ದು. ಒಂದು ಸಲಕ್ಕೆ ಕಾಲು ಮಿಲಿಮೀಟರ್‌ಗಿಂತ ಜಾಸ್ತಿ ತೆಗೆಯುತ್ತಿಲ್ಲ. ಹಲಗೆಯನ್ನು ಸ್ವಲ್ಪ ಓರೆಯಾಗಿ ಬಿಟ್ಟು ನೋಡಿದೆ, ಹಲಗೆ ಒಳಗೆ ಎಳೆಯುವ ಬೆಲ್ಟಿನ ವೇಗ ಬದಲಿಸಿದೆ, ಧೂಳು ಎಳೆಯುವ ಪೈಪ್ ಬಿಚ್ಚಿ ತೊಳೆದೆ. ಡ್ರಮ್ ಒಂದು ಕಡೆ ವಾಲಿದೆಯಾ ಅಂತ ಎರಡು ಮರದ ಪಟ್ಟಿಗಳನ್ನು ಡ್ರಮ್ಮಿನ ಎರಡು ತುದಿಯಲ್ಲಿ ಬಿಟ್ಟು ಅಳೆದರೆ ದಪ್ಪ ಸಮ. ಹಳೇ ಕ್ರೇಪ್ ಚಪ್ಪಲಿಯ ಅಟ್ಟೆಯಿಂದ ಉಜ್ಜಿದರೆ ಅಂಟು ಬಿಡುತ್ತದೆ (ಇದೊಂದು ಮಾತ್ರ ಚೆನ್ನಾಗಿ ಕೆಲಸ ಮಾಡಿತು), ಆದರೆ ನಾಲ್ಕೈದು ಹಲಗೆ ಆದಮೇಲೆ ಮತ್ತೆ ಅದೇ ಕಥೆ. ಪೇಪರ್ ರೋಲಿಗೆ ಸುಮ್ನೆ ದುಡ್ಡು ಹೋಗ್ತಿದೆ.

ಗೊಂದಲ ಇಲ್ಲಿದೆ. ಮಾರಿದವರು ಎರಡೂ ಡ್ರಮ್ ಒಂದೇ ಮಟ್ಟ ಇರಲಿ ಅಂದರು. ಇನ್ನೊಬ್ಬ ಮೇಸ್ತ್ರಿ, ಹಿಂದಿನದು ಒಂದು ಕಾಗದದ ದಪ್ಪದಷ್ಟು ಕೆಳಗಿರಬೇಕು ಅನ್ನುತ್ತಾರೆ. ಈಗ ಮೇಸ್ತ್ರಿ ಹೇಳಿದ ಹಾಗೇ ಇದೆ.

ಹಲಸಿನ ಕೆಲಸ ಮಾಡುವವರು ಹೇಳಿ: ಹಿಂದಿನ ಡ್ರಮ್ ಮೇಲೆತ್ತಬೇಕಾ, ಅಥವಾ ಮಟ್ಟ ಹಾಗೇ ಬಿಟ್ಟು 120ರ ಬದಲು 100 ಹಾಕಲಾ?