ಮಕ್ಕಳು ಯುದ್ಧದ ಬಗ್ಗೆ ಕೇಳ್ತಾರೆ, ಎಲ್ಲಿಂದ ಶುರು ಮಾಡೋದು?

ತೀರ್ಥಹಳ್ಳಿ ಕಡೆಯ ನಿವೃತ್ತ ಹವಾಲ್ದಾರ್ ಕೇಳಿದ್ದು:
1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದೆ. ಮಗನಿಗೆ 28, ಮಗಳಿಗೆ 25. ಜುಲೈ 26, ಕಾರ್ಗಿಲ್ ವಿಜಯ ದಿವಸ ಬಂತೆಂದರೆ ‘ಅಪ್ಪಾ, ಅಲ್ಲಿ ಏನಾಯ್ತು?’ ಅಂತಾರೆ. ‘ಚಳಿ ಇತ್ತು’ ಅಂತ ಹೇಳಿ ಜಾರಿಕೊಳ್ತೇನೆ. ಎಷ್ಟು ಹೇಳಬೇಕು, ಹೇಗೆ ಹೇಳಬೇಕು? ತಿಳಿದವರು ಹೇಳಿ.

ನಿವೃತ್ತ ಸುಬೇದಾರ್, ಸಾಗರ:
ಹವಾಲ್ದಾರ್ ಸಾಬ್, ಗುಂಡಿನಿಂದ ಶುರು ಮಾಡಬೇಡಿ. ಜಾಗದಿಂದ ಶುರು ಮಾಡಿ. ಮಕ್ಕಳ ತಲೆಯಲ್ಲಿ ಸಿನಿಮಾ ಕೂತಿರುತ್ತೆ. ನೇರ ದಾಳಿಯ ರಾತ್ರಿಗೆ ಹೋದರೆ ಅವರು ಆ ಸಿನಿಮಾವನ್ನೇ ನೋಡ್ತಾರೆ, ನಿಮ್ಮ ಮಾತು ಕಿವಿಗೆ ಬೀಳಲ್ಲ.

ಮೊದಲು ನಕ್ಷೆ ಹರಡಿ. ಶ್ರೀನಗರದಿಂದ ಲೇಹ್‌ಗೆ ಹೋಗೋ ರಸ್ತೆ, ಜೋಜಿ ಲಾ ಕಣಿವೆ, ಅದು ದಾಟಿದ ಮೇಲೆ ದ್ರಾಸ್. ಆ ರಸ್ತೆ ಮೇಲಿನ ಬೆಟ್ಟದಲ್ಲಿ ಕೂತವನಿಗೆ ಕೆಳಗೆ ಹೋಗೋ ಪ್ರತಿ ಲಾರಿ ಕಾಣುತ್ತೆ, ಅಲ್ಲಿಂದಲೇ ತೋಪಿನ ಗುರಿ ಹೇಳಬಹುದು. ಇಷ್ಟು ಗೊತ್ತಾದರೆ ರಸ್ತೆ ಮೇಲಿನ ತೊಲೊಲಿಂಗ್ ಬೆಟ್ಟ ನಮಗೆ ಯಾಕೆ ಬೇಕಿತ್ತು ಅನ್ನೋದಕ್ಕೆ ಬೇರೆ ವಿವರಣೆ ಬೇಡ. ಎತ್ತರ ಹೇಳುವಾಗ ಅಡಿ, ಮೀಟರ್ ಅಂದರೆ ಯಾರಿಗೂ ಅರ್ಥ ಆಗಲ್ಲ. ಕೊಡಚಾದ್ರಿ 1,343 ಮೀಟರ್. ದ್ರಾಸ್ ಊರೇ ಅದರ ಎರಡು ಪಟ್ಟಿಗಿಂತ ಎತ್ತರ. ಅಲ್ಲಿನ ಟೈಗರ್ ಹಿಲ್ ಶಿಖರ 5,062 ಮೀಟರ್, ಹೆಚ್ಚುಕಡಿಮೆ ನಾಲ್ಕು ಕೊಡಚಾದ್ರಿ. ಮಲೆನಾಡಿನ ಮಕ್ಕಳಿಗೆ ಬೆಟ್ಟ ಅಂದರೆ ಕಾಡು. ಅಲ್ಲಿ ಮರೆಗೆ ಒಂದು ಮರವೂ ಇಲ್ಲ ಅನ್ನೋದನ್ನ ಒತ್ತಿ ಹೇಳಿ. ರಾತ್ರಿಯೇ ಯಾಕೆ ಹತ್ತಬೇಕಾಯ್ತು ಅನ್ನೋ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಆಮೇಲೆ ಬೆನ್ನಿನ ಹೊರೆ, ನೀರು, ಊಟ, ಕಾಲುಚೀಲ, ಜೊತೆಗಿದ್ದವರು. ಹೊಡೆದಾಟದ ಮಾತು ಮೂರನೆಯದೋ ನಾಲ್ಕನೆಯದೋ ಸಲ ಬಂದರೆ ಸಾಕು. ಬರದಿದ್ದರೂ ನಷ್ಟವಿಲ್ಲ. ಈಗಲೂ ಬಳಕೆಯಲ್ಲಿರುವ ಠಾಣೆ, ಸಂಕೇತ, ಸಲಕರಣೆ ವಿಷಯ ಮನೆಯಲ್ಲೂ ಬೇಡ.

ಆಪ್ತ ಸಮಾಲೋಚಕಿ, ಶಿವಮೊಗ್ಗ:
ಸುಬೇದಾರರು ಹೇಳಿದ ಕ್ರಮಕ್ಕೆ ಅಳತೆಯನ್ನೂ ಸೇರಿಸ್ತೇನೆ. ಒಂದು ಸಲಕ್ಕೆ 30–40 ನಿಮಿಷ. ಬೆಳಗಿನ ಹೊತ್ತು, ತಿಂಡಿ ಆದಮೇಲೆ. ರಾತ್ರಿ ಊಟದ ನಂತರ ಶುರು ಮಾಡಿದರೆ ಅದೇ ನೆನಪು ಹಾಸಿಗೆಗೂ ಬರುತ್ತೆ. ಗ್ಲಾಸು ಹಿಡಿದು ಹೇಳೋದಂತೂ ಬೇಡವೇ ಬೇಡ: ಹೇಳುವಾಗ ಸಲೀಸು ಅನಿಸುತ್ತೆ, ನಿದ್ದೆ ಕೆಡುತ್ತೆ, ಮರುದಿನ ಏನು ಹೇಳಿದೆ ಅನ್ನೋ ಹಿಡಿತವೂ ಇರಲ್ಲ. ಮನೆಯವರಿಗೆ ಮೊದಲೇ ತಿಳಿಸಿ. ಅವರು ನಿಮ್ಮ ಕೆಟ್ಟ ಕನಸುಗಳನ್ನು ವರ್ಷಗಟ್ಟಲೆ ಪಕ್ಕದಲ್ಲೇ ಮಲಗಿ ನೋಡಿರ್ತಾರೆ.

ಹಿಂದಿನ ದಿನ ನೋಟ್‌ಬುಕ್ಕಿನಲ್ಲಿ ಮೂರು ಪಟ್ಟಿ ಬರೆದಿಟ್ಟುಕೊಳ್ಳಿ: ಹೇಳುವಂಥದ್ದು, ಮುಂದೆಂದಾದರೂ ಹೇಳುವಂಥದ್ದು, ಹೇಳದೇ ಇರುವಂಥದ್ದು. ಮೂರನೆಯದರ ಹತ್ತಿರ ಪ್ರಶ್ನೆ ಬಂದರೆ ‘ಅದನ್ನ ಹೇಳಲ್ಲ ಮಗಾ’ ಅಂದುಬಿಡಿ. ‘ನೆನಪಿಲ್ಲ’ ಅಂದರೆ ಮಕ್ಕಳಿಗೆ ಗೊತ್ತಾಗುತ್ತೆ, ಮುಂದಿನ ಮಾತಿನ ಮೇಲೂ ಅನುಮಾನ ಬರುತ್ತೆ.

ಹೇಳುತ್ತಾ ಉಸಿರು ಬಿಗಿಯಾದರೆ, ಅಂಗೈ ಬೆವರಿದರೆ, ಅಥವಾ ಧ್ವನಿ ಇನ್ಯಾರದ್ದೋ ಕಥೆ ಓದಿದ ಹಾಗೆ ಸಪ್ಪೆಯಾದರೆ ಅಲ್ಲಿಗೇ ನಿಲ್ಲಿಸಿ. ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ಆಮೇಲೆ ಕೈಗೆ ಏನಾದರೂ ಕೆಲಸ ಕೊಡಿ, ಅಡಿಕೆ ಆರಿಸೋದಾದರೂ ಸರಿ. ಮೆಟ್ಟುಗತ್ತಿ ಮಾತ್ರ ಬೇಡ, ಕೈ ನಡುಗುತ್ತಿರುತ್ತೆ.

‘ಎಲ್ಲ ಒಂದೇ ಸಲ ಹೇಳಿಬಿಡಿ, ಹಗುರಾಗುತ್ತೆ’ ಅನ್ನೋ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಒತ್ತಾಯದಿಂದ ಒಂದೇ ಕೂರಿಕೆಯಲ್ಲಿ ಹೊರಗೆಳೆದರೆ ಕೆಲವರಿಗೆ ಇನ್ನೂ ಕೆಡುತ್ತೆ. ದುಡಿಮೆ ನಿಂತ ಮೇಲೆ, ವಯಸ್ಸಾಗುತ್ತಾ ಹಳೇ ನೆನಪು ಮೇಲೇಳೋದು ಸಾಮಾನ್ಯ, ಅದಷ್ಟಕ್ಕೇ ಕಾಯಿಲೆ ಅಲ್ಲ. ಆದರೆ ಒಂದು ತಿಂಗಳಾದರೂ ಕನಸು, ಬೆಚ್ಚಿಬೀಳೋದು, ಸಿಡುಕು ಇಳಿಯದಿದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಅಲ್ಲಿನ ವೈದ್ಯರ ಹತ್ತಿರ ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಿ.

ಮಾಜಿ ಸೈನಿಕರ ಮಗಳು, ಹೊಸನಗರ:
ಈ ಮಾತು ನಿಮ್ಮ ಮಕ್ಕಳಿಗೆ, ಅವರಿಗೆ ತೋರಿಸಿ. ‘ಎಷ್ಟು ಜನರನ್ನ ಹೊಡೆದಿರಿ?’ ಅಂತ ಯಾವತ್ತೂ ಕೇಳಬೇಡಿ. ಚೀಲದಲ್ಲಿ ಏನೇನಿತ್ತು, ಮನೆಯ ಕಾಗದ ಕೈಸೇರೋಕೆ ಎಷ್ಟು ದಿನ ಆಗ್ತಿತ್ತು, ಪಕ್ಕದಲ್ಲಿ ಯಾರು ಮಲಗ್ತಿದ್ದರು ಅಂತ ಕೇಳಿ. ಅಪ್ಪ ಸುಮ್ಮನಾದರೆ ಆ ಖಾಲಿ ಜಾಗ ತುಂಬಿಸೋಕೆ ಹೋಗಬೇಡಿ. ತೋಪಿನ ಪಕ್ಕ ಇದ್ದವರಿಗೆ ಕಿವಿ ಮಂದ ಇರೋದು ಹೆಚ್ಚು, ಅದರಲ್ಲೂ ತೆಳು ಧ್ವನಿ ಕೇಳಲ್ಲ. ಚೆನ್ನಾಗಿ ಕೇಳೋ ಕಿವಿಯ ಕಡೆ, ಮುಖ ಕಾಣೋ ಹಾಗೆ ಕೂರಿ.

ಧ್ವನಿ ಮುದ್ರಿಸೋದಾದರೆ ಕೇಳಿಯೇ ಮುದ್ರಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಮಳೆ ಮಾತ್ರ ದಾಖಲಾಗುತ್ತೆ. ಒಳಗಿನ ಕೋಣೆ, ಫೋನು ಒಂದು ಮೊಳ ದೂರದಲ್ಲಿ, ಕೆಳಗೆ ಮಡಚಿದ ಟವೆಲ್. ಕಡತದ ಹೆಸರಲ್ಲಿ ದಿನಾಂಕ ಮತ್ತು ಜಾಗ ಇರಲಿ.

ಇನ್ನೊಂದು ಮುಖ್ಯ. ಜೊತೆಗಾರ ಹೇಗೆ ಸತ್ತ ಅನ್ನೋದನ್ನ ಆತನ ಮನೆಯವರಿಗೆ ಬೇರೆ ಥರ ಹೇಳಿರಬಹುದು. ಹೆಸರಿನ ಜೊತೆ ಅಂಥ ವಿವರವನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರೆ ಅದು ಅವರ ಮನೆ ಮುಟ್ಟೋಕೆ ಅರ್ಧ ದಿನ ಸಾಕು.

‘56 ಎಪಿಒ’ (ಸೇನಾ ಅಂಚೆ ಕಚೇರಿ) ಮುದ್ರೆಯ ಇನ್‌ಲ್ಯಾಂಡ್ ಕಾಗದ, ಫೋಟೋ ಅಟ್ಟದಲ್ಲಿದ್ದರೆ ಮೊದಲು ಕೆಳಗಿಳಿಸಿ. ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತೆ. ಬೂಷ್ಟನ್ನ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಶಾಯಿ ಹರಡುತ್ತೆ. ನೆರಳಲ್ಲಿ ಒಣಗಿಸಿ ಮೆತ್ತನೆ ಬ್ರಷ್ಷಿನಿಂದ ಅಂಗಳದಲ್ಲಿ ಝಾಡಿಸಿ. ಲ್ಯಾಮಿನೇಷನ್ ಬೇಡ, ಮಾಡಿದ ಮೇಲೆ ಬಿಡಿಸೋಕಾಗಲ್ಲ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಬಿಗಿ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಫೋಟೋ ಹಿಂದೆ ಹೆಸರು ಬರೆಯೋಕೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಅಲ್ಲ.

ನಿವೃತ್ತ ನಾಯಕ್, ಭದ್ರಾವತಿ:
ಭಾರತದ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋದವರ ಕಷ್ಟ ಬೇರೆ. ಕಾರ್ಗಿಲ್‌ಗೆ ಒಂದು ದಿನ ಇದೆ, ಅಲ್ಲಿ ತೀರಿಹೋದ 527 ಜನರನ್ನ ಊರೂರಲ್ಲಿ ನೆನೆಯುತ್ತಾರೆ. 1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ ನಮ್ಮವರು ಶ್ರೀಲಂಕಾದಲ್ಲಿದ್ದರು, ಸುಮಾರು 1,200 ಜನ ವಾಪಸ್ ಬರಲಿಲ್ಲ ಅನ್ನೋದು ಎಷ್ಟೋ ಮನೆಯ ಮಕ್ಕಳಿಗೇ ಗೊತ್ತಿಲ್ಲ. ಶಾಂತಿ ಕಾಯೋಕೆ ಹೋದವರು 1987ರ ಅಕ್ಟೋಬರಿನಲ್ಲೇ ಜಾಫ್ನಾದಲ್ಲಿ ಎಲ್‌ಟಿಟಿಇ ವಿರುದ್ಧ ಯುದ್ಧ ಮಾಡಬೇಕಾಗಿ ಬಂದದ್ದು ಹೇಗೆ ಅನ್ನೋದನ್ನೇ ಮೊದಲು ಹೇಳಿ. ‘ಹೋಗಿದ್ದು ಸರಿಯಾ?’ ಅಂತ ಮಗ ಕೇಳಿದರೆ ಸರ್ಕಾರದ ಪರ ವಕಾಲತ್ತು ಬೇಕಿಲ್ಲ. ‘ಹುಕುಂ ಬಂತು, ಹೋದ್ವಿ, ನನಗೂ ಅದೇ ಪ್ರಶ್ನೆ ಇದೆ’ ಅಂದರೂ ನಡೆಯುತ್ತೆ.

ಹವಾಲ್ದಾರ್ ಮತ್ತೆ:
ಎಲ್ಲರಿಗೂ ನಮಸ್ಕಾರ. ಪಕ್ಕದ ತೋಟದಲ್ಲಿ ಮಂಗ ಓಡಿಸೋಕೆ ಪಟಾಕಿ ಹೊಡೆದಾಗ ನೆಲಕ್ಕೆ ಬಾಗಿಬಿಡ್ತೇನೆ. ಮಕ್ಕಳು ನಗ್ತಾರೆ. ಅದನ್ನೂ ಹೇಳಬೇಕಾ?

ಆಪ್ತ ಸಮಾಲೋಚಕಿ:
ಅದರಿಂದಲೇ ಶುರು ಮಾಡಿ ಸಾರ್. ಅವರು ಕಣ್ಣಾರೆ ಕಂಡದ್ದು ಅದೊಂದೇ. ಮೆದುಳು ಯೋಚಿಸೋ ಮೊದಲೇ ಮೈ ಬಾಗುತ್ತೆ, ಹೆದರುಪುಕ್ಕಲತನ ಅಲ್ಲ ಅಂತ ಹೇಳಿ. ಪಕ್ಕದ ತೋಟದವರಿಗೆ ‘ಹೊಡೆಯೋ ಮುಂಚೆ ಒಂದು ಕೂಗು ಹಾಕಿ’ ಅಂತ ಹೇಳಿಬರೋ ಕೆಲಸ ಮಗನಿಗೆ ವಹಿಸಿ.