‘ಪುದಿಯ ಪರವೈ’: ಹಾಡುಗಳು ರಹಸ್ಯವನ್ನು ಕೆಡಿಸುತ್ತವೆಯೇ?

ಹಳೆಯ ರೀಲು:
ಕಳೆದ ವಾರ ‘ಪುದಿಯ ಪರವೈ’ (1964) ಎಂಬ ತಮಿಳು ಚಿತ್ರವನ್ನು ಮೂರನೆಯ ಬಾರಿ ನೋಡಿದೆ. ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸಿಂಗಪುರದಿಂದ ಹಡಗಿನಲ್ಲಿ ಊರಿಗೆ ಮರಳುತ್ತಿರುವ ಸಿರಿವಂತ ಗೋಪಾಲ್ (ಶಿವಾಜಿ ಗಣೇಶನ್), ಲತಾ (ಬಿ. ಸರೋಜಾದೇವಿ) ಎಂಬ ಹುಡುಗಿಯನ್ನು ಕಂಡು ಮೆಚ್ಚುತ್ತಾನೆ. ಮದುವೆ ಇನ್ನೇನು ನಿಶ್ಚಯವಾಯಿತು ಎನ್ನುವಾಗ, ಸತ್ತುಹೋದಳೆಂದು ಅವನು ಹೇಳಿಕೊಂಡಿದ್ದ ಹೆಂಡತಿ ಚಿತ್ರಾ (ಸೌಕಾರ್ ಜಾನಕಿ) ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಬಂದವಳು ಚಿತ್ರಾ ಅಲ್ಲ ಎಂದು ಅವನು ಎಷ್ಟು ಕೂಗಿದರೂ ನಂಬುವವರಿಲ್ಲ.

ಇಷ್ಟು ಬಿಗಿಯಾದ ಕಥೆಯನ್ನು ಕೈಯಲ್ಲಿಟ್ಟುಕೊಂಡು ನಿರ್ದೇಶಕ ದಾದಾ ಮಿರಾಸಿಯವರು ಮತ್ತೆ ಮತ್ತೆ ಹಾಡಿಗೆ ನಿಲ್ಲುತ್ತಾರೆ ಎಂಬುದೇ ನನ್ನ ತಕರಾರು. ವಿಶ್ವನಾಥನ್–ರಾಮಮೂರ್ತಿ ಜೋಡಿಯ ರಾಗಸಂಯೋಜನೆ, ಕಣ್ಣದಾಸನ್ ಸಾಹಿತ್ಯ ಇವುಗಳ ಬಗ್ಗೆ ನನಗೆ ಗೌರವವಿದೆ. ಬಿಡಿಯಾಗಿ ಕೇಳಿದರೆ ಒಂದೊಂದೂ ರತ್ನವೇ. ಆದರೆ ಪತ್ತೇದಾರಿ ಚಿತ್ರಕ್ಕೆ ಹಾಡೆಂದರೆ ಓಡುವ ಬಂಡಿಗೆ ಹಾಕಿದ ತಡೆ. ಇದಕ್ಕೂ ಹತ್ತು ವರ್ಷ ಮೊದಲೇ ‘ಅಂದ ನಾಳ್’ (1954) ಒಂದೂ ಹಾಡಿಲ್ಲದೆ ಬಂದಿತ್ತು. ಅದರ ನಿರ್ದೇಶಕ ಎಸ್. ಬಾಲಚಂದರ್ ಸ್ವತಃ ದೊಡ್ಡ ವೀಣಾ ವಿದ್ವಾಂಸರು. ನಮ್ಮ ಪಂಡರೀಬಾಯಿಯವರು ಅದರಲ್ಲಿ ನಾಯಕಿ. ಸಂಗೀತವನ್ನೇ ಉಸಿರಾಡುತ್ತಿದ್ದ ಮನುಷ್ಯನಿಗೇ ಇಲ್ಲಿ ಹಾಡು ಬೇಡವೆನಿಸಿತೆಂದರೆ ಅದಕ್ಕೆ ಅರ್ಥವಿರಬೇಕಲ್ಲವೇ?

ಮಂದ್ರ ಷಡ್ಜ:
‘ಅಂದ ನಾಳ್’ ದೊಡ್ಡ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಂದೇ ಕೊಲೆಯನ್ನು ಹಲವರ ಬಾಯಿಂದ ಕೇಳಿಸುವ ಚಿತ್ರ. ವಿಚಾರಣೆಯೇ ಅದರ ನಡಿಗೆ, ಆದ್ದರಿಂದ ಅಲ್ಲಿ ಮಾತೇ ಸಾಕು. ‘ಪುದಿಯ ಪರವೈ’ಯಲ್ಲೂ ವಿಚಾರಣೆ ನಡೆಯುತ್ತದೆ, ಆದರೆ ಅದು ವಿಚಾರಣೆಯೆಂದು ಗೋಪಾಲನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. (ಅರವತ್ತು ವರ್ಷ ಹಳೆಯ ಚಿತ್ರವಾದ್ದರಿಂದ ಗುಟ್ಟು ಒಡೆಯುವುದಕ್ಕೆ ಕ್ಷಮೆ ಕೇಳುವುದಿಲ್ಲ.) ಲತಾ ಪೊಲೀಸ್ ಇಲಾಖೆಯವಳು. ಸಾಕ್ಷ್ಯವಿಲ್ಲದ ಕೊಲೆಯೊಂದರ ತಪ್ಪೊಪ್ಪಿಗೆಯನ್ನು ಅವನ ಬಾಯಿಂದಲೇ ಹೊರಡಿಸುವುದಕ್ಕೆ ಬಂದವಳು. ಚಿತ್ರಾ ಎಂದು ಬಾಗಿಲಲ್ಲಿ ಬಂದು ನಿಂತವಳೂ ಅದೇ ಬಲೆಯ ಭಾಗ, ನಿಜವಾದ ಚಿತ್ರಾ ಅಲ್ಲ.

ಇದನ್ನು ತಿಳಿದುಕೊಂಡು ‘ಉನ್ನೈ ಒನ್ರು ಕೇಟ್ಪೇನ್’ ಹಾಡನ್ನು ಮತ್ತೊಮ್ಮೆ ನೋಡಿ. ಗೋಪಾಲ್ ಪಿಯಾನೋ ಮುಂದೆ ಕುಳಿತಿದ್ದಾನೆ, ಸುತ್ತ ಅತಿಥಿಗಳಿದ್ದಾರೆ, ಲತಾ ನಗುನಗುತ್ತ ಹಾಡುತ್ತಿದ್ದಾಳೆ. ಪಲ್ಲವಿಯ ಮೊದಲ ಸಾಲಿನ ಅರ್ಥವೇ ‘ನಿನ್ನನ್ನೊಂದು ಕೇಳುತ್ತೇನೆ, ನಿಜ ಹೇಳಬೇಕು’ ಎಂದು! ಮೊದಲ ಸಲ ನೋಡುವವರಿಗೆ ಅದು ಪ್ರೇಮಗೀತೆ, ಎರಡನೆಯ ಸಲ ನೋಡುವವರಿಗೆ ತನಿಖಾಧಿಕಾರಿಯ ಪ್ರಶ್ನೆ. ಈ ಹಾಡನ್ನು ಕತ್ತರಿಸಿದರೆ ಚಿತ್ರದ ಅತ್ಯಂತ ಜಾಣ ಸುಳಿವನ್ನೇ ಕತ್ತರಿಸಿದಂತೆ.

ಹಳೆಯ ರೀಲು:
ಆ ಹಾಡಿನ ಬಗ್ಗೆ ನೀವು ಹೇಳುವುದನ್ನು ಒಪ್ಪುತ್ತೇನೆ. ಆದರೆ ಇನ್ನೊಂದು ತೊಡಕಿದೆ. ಲತಾಳಿಗೂ ಪಿ. ಸುಶೀಲಾ ಅವರ ಕಂಠ, ಚಿತ್ರಾಳಿಗೂ ಅವರದೇ ಕಂಠ. ‘ಇವಳು ಅವಳೇ ಹೌದೋ ಅಲ್ಲವೋ’ ಎಂಬ ಪ್ರಶ್ನೆಯ ಮೇಲೆ ನಿಂತ ಚಿತ್ರದಲ್ಲಿ ಇಬ್ಬರು ಹೆಂಗಸರಿಗೆ ಒಂದೇ ದನಿ ಕೊಡುವುದು ಅಜಾಗರೂಕತೆಯಲ್ಲವೇ? ಎಲ್. ಆರ್. ಈಶ್ವರಿಯವರೂ ಆಗ ಹಾಡುತ್ತಿದ್ದರು; ಚಿತ್ರಾಳ ಕ್ಲಬ್ ಹಾಡಿಗೆ ಅವರ ದನಿ ಹೇಳಿ ಮಾಡಿಸಿದಂತಿತ್ತು.

ತುಂಗಾತೀರದವಳು:
ನೀವು ಯಾವುದನ್ನು ಅಜಾಗರೂಕತೆ ಎನ್ನುತ್ತಿದ್ದೀರೋ ಅದರಲ್ಲೇ ಚಿತ್ರದ ಗುಟ್ಟಿದೆ ಎಂದು ನನಗೆ ತೋರುತ್ತದೆ. ಆದರೆ ನಾನು ಲತಾಳನ್ನು ಪಕ್ಕಕ್ಕಿಟ್ಟು, ಇಬ್ಬರು ಚಿತ್ರಾರನ್ನು ನೋಡಲು ಹೇಳುತ್ತೇನೆ. ‘ಪಾರ್ತ ಞಾಪಗಂ ಇಲ್ಲೈಯೋ’ ಎಂಬ ಹಾಡು ಚಿತ್ರದಲ್ಲಿ ಎರಡು ಬಾರಿ ಬರುತ್ತದೆ. (ಞಾಪಗಂ ಎಂದರೆ ನಮ್ಮ ಜ್ಞಾಪಕವೇ, ‘ನೋಡಿದ ನೆನಪಿಲ್ಲವೇ’ ಎಂದು ಕೇಳುವ ಹಾಡು.) ಮೊದಲನೆಯದು ಸಿಂಗಪುರದ ಕ್ಲಬ್ಬಿನಲ್ಲಿ: ಚಿತ್ರಾ ವೇದಿಕೆಯಲ್ಲಿ ಹಾಡುತ್ತಾಳೆ, ಗೋಪಾಲ್ ಸಿಗರೇಟು ಹಿಡಿದು ಅವಳನ್ನೇ ನೋಡುತ್ತಾನೆ, ಕಾಲು ತಾನಾಗಿ ತಾಳ ಹಾಕುವಂಥ ಪಾಶ್ಚಾತ್ಯ ಲಯವಿದೆ. ಎರಡನೆಯದು ಅದೇ ಹಾಡಿನ ಶೋಕರೂಪ.

ಎರಡನೆಯ ಬಾರಿ ಕೇಳಿದಾಗ, ಬಂದವಳು ನಿಜವಾದ ಚಿತ್ರಾಳೇ ಇರಬೇಕು ಎಂದು ನಮಗೆ ಏಕೆ ಅನಿಸುತ್ತದೆ? ಮುಖ ಒಂದೇ ಎಂಬುದಷ್ಟೇ ಕಾರಣವಲ್ಲ. ಮುಖ ಹೋಲುವವರು ಇರಬಹುದು, ಕಂಠ ಹೋಲುವುದು ಹೇಗೆ ಎಂದು ಮನಸ್ಸು ತೀರ್ಮಾನ ಮಾಡಿಬಿಟ್ಟಿರುತ್ತದೆ. ತೆರೆಯ ಮೇಲೆ ತುಟಿಯಾಡಿಸುವವರೇ ಹಾಡುತ್ತಿದ್ದಾರೆ ಎಂದು ನಂಬುವುದಕ್ಕೆ ಹಿನ್ನೆಲೆ ಗಾಯನ ನಮ್ಮನ್ನು ಚಿಕ್ಕಂದಿನಿಂದಲೇ ಪಳಗಿಸಿದೆ. ಪೊಲೀಸರು ಒಡ್ಡಿದ ಬಲೆಗೆ ಗೋಪಾಲ್ ಬೀಳುವುದಕ್ಕೆ ಮೊದಲೇ ಸುಶೀಲಾ ಅವರ ಕಂಠದ ಬಲೆಗೆ ನಾವು ಬಿದ್ದಿರುತ್ತೇವೆ. ಎರಡನೆಯದಕ್ಕೆ ಬೇರೆ ಗಾಯಕಿಯನ್ನು ತಂದಿದ್ದರೆ ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು.

ಹಳೆಯ ರೀಲು:
ಇದು ಜಾಣ ವಾದ. ಆದರೆ ಅವರು ಇಷ್ಟೆಲ್ಲ ಯೋಚಿಸಿ ಮಾಡಿದರೆಂದು ಹೇಗೆ ಹೇಳುವುದು? ಅಂದಿನ ರೂಢಿಯಂತೆ ಸುಶೀಲಾ ಅವರಿಂದ ಹಾಡಿಸಿದ್ದಾರೆ, ಅಷ್ಟೇ.

ತುಂಗಾತೀರದವಳು:
ರೂಢಿಯೇ ಇರಬಹುದು. ರೂಢಿ ಇದ್ದುದರಿಂದಲೇ ಯಾರಿಗೂ ಸಂಶಯ ಬರಲಿಲ್ಲ ಎನ್ನುವುದಷ್ಟೇ ನನ್ನ ವಾದ. ಅವರ ಉದ್ದೇಶವನ್ನು ನಾನು ಸಾಬೀತುಪಡಿಸಬೇಕಾಗಿಲ್ಲ.

ಚನ್ನಪಟ್ಟಣದ ಗೊಂಬೆ:
ಚರ್ಚೆಯ ನಡುವೆ ಬಾಯಿ ಹಾಕುತ್ತಿದ್ದೇನೆ. ಸರೋಜಾದೇವಿಯವರು ನಮ್ಮ ತಾಲ್ಲೂಕಿನ ದಶವಾರದವರಾದ್ದರಿಂದ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ‘ಎಂಗೇ ನಿಮ್ಮದಿ’ ಹಾಡಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ನಿಮ್ಮದಿ ಎಂದರೆ ನಮ್ಮ ನೆಮ್ಮದಿಯೇ ಆದ್ದರಿಂದ, ತಮಿಳು ಬಾರದ ನನ್ನ ಅಜ್ಜಿಗೂ ಆ ಹಾಡಿನ ಸಂಕಟ ಅರ್ಥವಾಗುತ್ತಿತ್ತು.

ಮಂದ್ರ ಷಡ್ಜ:
ಒಳ್ಳೆಯದನ್ನು ನೆನಪಿಸಿದಿರಿ. ಟಿ. ಎಂ. ಸೌಂದರರಾಜನ್ ಹಾಡಿರುವ ಆ ಹಾಡು ಹೇಗೆ ಎದ್ದು ಬರುತ್ತದೆ ಎಂಬುದನ್ನು ಗಮನಿಸಿ. ವಾದ್ಯವೃಂದ ದೊಡ್ಡದು, ಪಿಟೀಲುಗಳ ಗುಂಪು ಅಲೆಯಂತೆ ಏರುತ್ತದೆ, ಅದರ ಹಿಂದಿನಿಂದ ಕೋರಸ್ಸಿನ ಗುನುಗು ಬೆನ್ನಟ್ಟುತ್ತದೆ. ‘ನಾನು ನಿರಪರಾಧಿ’ ಎಂದು ಗೋಪಾಲ್ ಮಾತಿನಲ್ಲಿ ಎಲ್ಲರ ಮುಂದೆ ವಾದಿಸುತ್ತಲೇ ಇರುತ್ತಾನೆ. ಆದರೆ ನಿರಪರಾಧಿಯೊಬ್ಬ ಮೋಸಕ್ಕೆ ಸಿಕ್ಕಿದಾಗ ಹುಟ್ಟುವ ಸಿಟ್ಟು ಆ ಹಾಡಿನಲ್ಲಿ ಇಲ್ಲ, ಅಡಗಿಕೊಳ್ಳಲು ಜಾಗ ಹುಡುಕುವವನ ದಣಿವಿದೆ. ಕೊನೆಯಲ್ಲಿ ಅವನು ಬಾಯಿಬಿಟ್ಟು ಹೇಳುವುದನ್ನು, ಅಂದರೆ ತನ್ನ ಏಟಿಗೆ ಚಿತ್ರಾ ಸತ್ತಳು, ಶವವನ್ನು ತಾನೇ ರೈಲು ಹಳಿಯ ಮೇಲಿಟ್ಟೆ ಎಂಬುದನ್ನು, ಸಂಗೀತ ಮೊದಲೇ ಅರ್ಧ ಒಪ್ಪಿಕೊಂಡುಬಿಟ್ಟಿದೆ. ರೈಲಿನ ಸದ್ದು ಕೇಳಿದೊಡನೆ ಅವನು ತತ್ತರಿಸುವುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ. ಈ ಚಿತ್ರದಲ್ಲಿ ಕಣ್ಣಿಗೆ ಕಾಣುವುದೆಲ್ಲ ನಾಟಕ, ಕಿವಿಗೆ ಬೀಳುವುದರಲ್ಲಿ ಮಾತ್ರ ಆಗಾಗ ನಿಜ ಇಣುಕುತ್ತದೆ.

ಹಳೆಯ ರೀಲು:
ನಿನ್ನೆ ರಾತ್ರಿ ನೀವು ಹೇಳಿದ ಮೂರು ಹಾಡುಗಳನ್ನು ಮತ್ತೆ ನೋಡಿದೆ. ಪಿಯಾನೋ ಹಾಡಿನ ವಿಷಯದಲ್ಲಿ ಮೊದಲೇ ಸೋತಿದ್ದೆ, ‘ಎಂಗೇ ನಿಮ್ಮದಿ’ಯ ವಿಷಯದಲ್ಲೂ ಸೋತೆ. ಕಂಠದ ವಾದ ಇನ್ನೂ ಅರ್ಧ ಗಂಟಲಲ್ಲೇ ಇದೆ. ಆದರೆ ‘ಆಹಾ ಮೆಲ್ಲ ನಡ’ ಹಾಡಿಗೆ ಯಾರು ಸಮರ್ಥನೆ ಕೊಡುತ್ತೀರಿ? ಅಲ್ಲಿ ಸುಳಿವಿಲ್ಲ, ಭಯವಿಲ್ಲ; ನಾಯಕ ನಾಯಕಿಯ ನಡಿಗೆಯನ್ನು ಹೊಗಳುತ್ತಾನೆ, ಅಷ್ಟೇ. ಅದನ್ನು ತೆಗೆದುಹಾಕಿದರೆ ಕಥೆಗೆ ಎಳ್ಳಷ್ಟೂ ನಷ್ಟವಿಲ್ಲ.

ಮಂದ್ರ ಷಡ್ಜ:
ನಷ್ಟವಿಲ್ಲ, ಒಪ್ಪಿದೆ.

ಚನ್ನಪಟ್ಟಣದ ಗೊಂಬೆ:
ಕಥೆಗೆ ನಷ್ಟವಿಲ್ಲದಿರಬಹುದು. ಆ ನಡಿಗೆ ಯಾರದೆಂದು ಇನ್ನೊಮ್ಮೆ ನೋಡಿ, ಆಮೇಲೆ ಕತ್ತರಿ ಕೈಗೆತ್ತಿಕೊಳ್ಳಿ.